ಕುರುಡು ತೂತು

“ಕಣ್ಣು ಎಲ್ಲಿಟ್ಕೊಂಡಿದ್ಯೋ? ಬೆನ್ನ ಮೇಲಾ?”

“ಇರೋ ಕಡೇನೇ ಇತ್ತು. ನೀನು ಹೂಂ ಅಂದೆ, ನಾನು ಹಾಕ್ದೆ.”

“ನಾನು ಹೂಂ ಅಂದ್ನಾ?”

“ಅಂದೆ.”

“ಈ ಬಾಯಲ್ಲಿ?”

“ಮತ್ಯಾರ ಬಾಯಲ್ಲಿ ಅಣ್ಣ? ನಾನು ಕೇಳ್ದೆ, ನೀನು ಹೂಂ ಅಂದೆ. ಇಟ್ಟೆ, ಬಿಗಿದೆ. ಇಷ್ಟೇ.”

“ಇಷ್ಟೇ ಅಂತೆ, ಇಷ್ಟೇ! ಆ ಶಾಫ್ಟ್ ನೋಡೋ, ನಾಯಿ ಕಡಿದ ಮೂಳೆ ಥರ ಆಗಿದೆ. ಇನ್ನೊಂದು ಎಲ್ಲಿಂದ ತರ್ತೀಯ? ನಿನ್ನ ಮಾವನ ಮನೆಯಿಂದ ತರ್ತೀಯಾ?”

ತಮ್ಮನಿಗೆ ಮದುವೆಯೇ ಆಗಿರಲಿಲ್ಲ. ಮಾವನ ಮನೆಯ ಮಾತು ಬಾಯಿಂದ ಬಿದ್ದ ಮೇಲೆಯೇ ದೊಡ್ಡ ಮೇಸ್ತ್ರಿಗೆ ಅದು ಹೊಳೆದದ್ದು. ಹೊಳೆದ ಕೂಡಲೇ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನೂ ಏರಿತು. ತನ್ನ ಬಾಯಲ್ಲಿ ಆ ಮಾತು ಆಡಿಸಿದವನೂ ಇವನೇ ಎಂಬಂತೆ ತಮ್ಮನನ್ನು ದುರುಗುಟ್ಟಿ ನೋಡಿದ. ನಲವತ್ತಕ್ಕೆ ಹತ್ತಿರವಾದ ಮುಖ, ಕಿವಿಯ ಪಕ್ಕ ಬಿಳಿ ಕೂದಲು, ಹಣೆಗೆ ಅಡ್ಡವಾಗಿ ಗ್ರೀಸಿನ ಗೀಟು. ಇವನಿಗೊಂದು ಹೆಣ್ಣು ನೋಡು ಎಂದು ಅಮ್ಮ ಇರುವಷ್ಟು ದಿನವೂ ಹೇಳಿದಳು. ಅವಳು ಹೋದ ಮೇಲೆ ಹೇಳುವವರಿರಲಿಲ್ಲ, ಹೇಳುವವರಿಲ್ಲದ ಮೇಲೆ ದೊಡ್ಡ ಮೇಸ್ತ್ರಿಯೂ ಸುಮ್ಮನಾಗಿದ್ದ. ಶೆಡ್ಡಿನಲ್ಲಿ ಕೆಲಸಕ್ಕೇನು ಬರವಿರಲಿಲ್ಲ. ಒಂದು ಇಂಜಿನ್ ಇಳಿಸಿದರೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ತಮ್ಮನೂ ಬಾಯಿಬಿಟ್ಟು ಕೇಳಿದವನಲ್ಲ. ಕೇಳಿದ್ದರೆ ನೋಡುತ್ತಿರಲಿಲ್ಲವೇ? ಕೇಳದೆ ಇರುವುದು ಇವನಿಗೆ ಹುಟ್ಟಿನಿಂದ ಬಂದ ರೋಗ. ಕೇಳದೆ ನಿಂತು, ನಿಂತೇ ಎದುರಿನವನನ್ನು ಕಳ್ಳನನ್ನಾಗಿ ಮಾಡುತ್ತಾನೆ.

ಇಬ್ಬರ ನಡುವೆ ಕಾರು ನಿಂತಿತ್ತು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇವರಿಬ್ಬರೂ ಹುಟ್ಟುವ ಮುಂಚೆ ಯಾರದೋ ಶೋಕಿಗೆಂದು ತಯಾರಾದ ಹಳೇ ಸ್ಪೋರ್ಟ್ಸ್ ಕಾರು. ಈಗ ಅದು ಹಲ್ಲಿನ ಡಾಕ್ಟರದು. ಇಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿ ಹೋದ ವಾರ ಕೊಟ್ಟಿದ್ದರು. ನಿನ್ನೆ ಸಂಜೆ ಇನ್ನೊಂದು ಕಾರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಕಟುಕನ ಹಿಂದೆ ಬರುವ ಕರುವಿನ ಹಾಗೆ ವಾಪಸ್ಸು ಬಂತು. ಸೇತುವೆ ಏರುವಾಗ ಇಂಜಿನ್ನಿನ ನೆತ್ತಿಯಲ್ಲಿ ಕೀರಲು ಶುರುವಾಯಿತಂತೆ. ಬೆಳಿಗ್ಗೆ ಮೇಲಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಎಣ್ಣೆಯ ಪಸೆಯೇ ಇಲ್ಲ. ಎಣ್ಣೆಯಲ್ಲಿ ಮಿಂದು ಹೊಳೆಯಬೇಕಾದ ರಾಕರ್ ಶಾಫ್ಟು, ವಾಲ್ವು ಒತ್ತುವ ಸನ್ನೆಗಳು ಕೂರುವ ಉಕ್ಕಿನ ಕಂಬಿ, ಬೂದಿ ಬಣ್ಣಕ್ಕೆ ತಿರುಗಿತ್ತು. ಮೈ ತುಂಬ ಗೀರು. ಹೆಡ್ಡನ್ನು ಎತ್ತಿ, ಕೆಳಗಿದ್ದ ಗ್ಯಾಸ್ಕೆಟ್ ಬಿಡಿಸಿ ಬೆಳಕಿಗೆ ಹಿಡಿದಾಗ ದೊಡ್ಡ ಮೇಸ್ತ್ರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯ. ಸಿಟ್ಟು ಅದರ ಹಿಂದೆಯೇ ಓಡಿ ಬಂದು ಅದನ್ನು ಮುಚ್ಚಿತು.

ಗ್ಯಾಸ್ಕೆಟ್ ಅಂದರೆ ತಾಮ್ರದ ತಗಡಿನಲ್ಲಿ ಕತ್ತರಿಸಿದ ಒಂದು ಹಾಳೆ. ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸಿಕ್ಕಿಕೊಂಡು ಬೆಂಕಿ, ನೀರು, ಎಣ್ಣೆ ಒಂದರ ದಾರಿಗೆ ಒಂದು ಬಾರದ ಹಾಗೆ ತಡೆಯುವುದು ಅದರ ಕೆಲಸ. ಈ ಇಂಜಿನ್ನಿಗೆ ಅದರಲ್ಲಿ ಎರಡು ಥರ. ಮಾಡಿದವರು ಮೊದಮೊದಲು ಎಣ್ಣೆಯನ್ನು ಮುಂದಿನ ತುದಿಯಿಂದ ಮೇಲಕ್ಕೆ ಹತ್ತಿಸುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಯಾರಿಗೂ ಹೇಳದೆ ಕೇಳದೆ ಹಿಂದಿನ ತುದಿಗೆ ಬದಲಾಯಿಸಿದರು. ಎರಡು ಗ್ಯಾಸ್ಕೆಟ್ಟನ್ನೂ ಒಂದರ ಮೇಲೊಂದು ಇಟ್ಟರೆ ಒಂದೇ ಅಚ್ಚು, ಬಟಾಣಿ ಕಾಳಿನಷ್ಟು ಒಂದು ತೂತು ಬಿಟ್ಟು. ಒಂದರಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ. ಹೀಗೆ ನೋಡಲು ಒಂದೇ ಥರ ಇದ್ದು ಒಳಗೆ ಬೇರೆಯಾದ ಸಾಮಾನು ಬಂದಾಗಲೆಲ್ಲ ಅಪ್ಪ ಹಳೆಯದಕ್ಕೆ ಅಣ್ಣ ಎನ್ನುತ್ತಿದ್ದ, ಆಮೇಲೆ ಬಂದದ್ದಕ್ಕೆ ತಮ್ಮ. ಅಣ್ಣ ಪಂಪು, ತಮ್ಮ ಪಂಪು. ಅಣ್ಣ ಕ್ಲಚ್ಚು, ತಮ್ಮ ಕ್ಲಚ್ಚು. ಊರಿನ ಬೇರೆ ಯಾವ ಗ್ಯಾರೇಜಿನಲ್ಲೂ ಈ ಮಾತು ಇರಲಿಲ್ಲ. ಗಿರಾಕಿಗಳು ಕೇಳಿ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಅವನದೊಂದು ಕಟ್ಟುನಿಟ್ಟಿತ್ತು: ಇಂಥ ಸಾಮಾನನ್ನು ಒಬ್ಬನೇ ಕೂರಿಸಬಾರದು. ಒಬ್ಬ ಕೈಯಲ್ಲಿ ಎತ್ತಿ ಹಿಡಿದು ಹೆಸರು ಹೇಳಬೇಕು, ಇನ್ನೊಬ್ಬ ನೋಡಿ ಹೂಂ ಅನ್ನಬೇಕು. ಆಮೇಲೆಯೇ ಇಡಬೇಕು. ಅಪ್ಪ ಸತ್ತು ಎಷ್ಟೋ ಕಾಲವಾದರೂ ಅಣ್ಣತಮ್ಮಂದಿರು ಇದನ್ನು ಬಿಟ್ಟಿರಲಿಲ್ಲ. ಮಿಕ್ಕ ಎಲ್ಲದರಲ್ಲೂ ಜಗಳವಾಡುತ್ತಿದ್ದರು, ಇದರಲ್ಲಿ ಆಡುತ್ತಿರಲಿಲ್ಲ.

“ನೋಡಿ ತಾನೇ ಹೂಂ ಅನ್ನೋದು? ನಾನು ನೋಡಿದ್ನಾ? ನೀನು ತೋರಿಸಿದ್ಯಾ?”

“ಎತ್ತಿ ಹಿಡಿದಿದ್ದೆ.”

“ಯಾರಿಗೆ ಹಿಡಿದಿದ್ದೆ, ಆಕಾಶಕ್ಕಾ?”

ತಮ್ಮ ಹಾಳಾದ ಶಾಫ್ಟನ್ನು ಎತ್ತಿಕೊಂಡು ಮೂಲೆಗೆ ಹೋದ. ಅಲ್ಲಿ ಸೀಮೆಎಣ್ಣೆಯ ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬ್ರಷ್ಷಿನಿಂದ ತಿಕ್ಕತೊಡಗಿದ. ಬಿಸಾಡುವ ಸಾಮಾನನ್ನು ಯಾರಾದರೂ ತೊಳೆಯುತ್ತಾರೆಯೇ? ದೊಡ್ಡ ಮೇಸ್ತ್ರಿಗೆ ಹಾಗೆ ಕೂಗಿ ಕೇಳಬೇಕೆನಿಸಿತು, ಕೇಳಲಿಲ್ಲ. ಅವನು ಬೇರೆ ಒಂದು ಮಾತಿಗೆ ಕಾಯುತ್ತಿದ್ದ. ಬೆಳಗಿನಿಂದ ಕಾಯುತ್ತಿದ್ದ. ಅದಕ್ಕೆಂದೇ ಇಷ್ಟು ಕೂಗಾಡಿದ್ದ. ಆ ಮಾತು ಬಂದರೆ ಕೊಡಲು ಉತ್ತರವನ್ನೂ ಬಾಯಲ್ಲಿ ಸಿದ್ಧ ಮಾಡಿ ಇಟ್ಟುಕೊಂಡಿದ್ದ. ಒಂದಲ್ಲ, ಒಂದಕ್ಕಿಂತ ಒಂದು ಖಾರವಾದವು. ಮಾತು ಬರಲಿಲ್ಲ. ಬ್ರಷ್ಷಿನ ಸದ್ದು ಮಾತ್ರ ಬರುತ್ತಿತ್ತು. ತಗಡಿನ ಮಾಡು ಕಾಯತೊಡಗಿ ಅಲ್ಲಲ್ಲಿ ಟಣ್ ಎನ್ನುತ್ತಿತ್ತು. ಪ್ರತಿ ಸಲ ಟಣ್ ಎಂದಾಗಲೂ ಅವನು ಬೆಚ್ಚಿ ತಮ್ಮನ ಕಡೆ ನೋಡಿದ.

ಅವನು ಕಾಯುತ್ತಿದ್ದದ್ದು ತಂತಿಯ ಮಾತಿಗೆ. ಬ್ಲಾಕನ್ನು ಮಾಡಿದವರು ಎಂಥ ಕಿಲಾಡಿಗಳೆಂದರೆ, ಎಣ್ಣೆಯ ದಾರಿ ಬದಲಾಯಿಸಿದರೂ ಅಚ್ಚು ಬದಲಾಯಿಸಲಿಲ್ಲ. ಹಳೆಯದಾಗಲಿ ಹೊಸದಾಗಲಿ, ಮುಂದೆ ಒಂದು ತೂತು ಕಾಣುತ್ತದೆ, ಹಿಂದೆ ಒಂದು ತೂತು ಕಾಣುತ್ತದೆ. ಎರಡರಲ್ಲಿ ಒಂದು ಒಳಗೆ ಹೋಗುತ್ತದೆ, ಇನ್ನೊಂದು ಬೆರಳಿನುದ್ದ ಹೋಗಿ ನಿಂತುಬಿಡುತ್ತದೆ. ಕುರುಡು ತೂತು. ಕಣ್ಣಿಗೆ ಎರಡೂ ತೆರೆದ ಬಾಯಿ. ತಂತಿ ಹಾಕಿ ನೋಡು, ಅಪ್ಪ ಹೇಳುತ್ತಿದ್ದ, ನಂಬರನ್ನು ನಂಬಬೇಡ, ನಿನ್ನ ಕಣ್ಣನ್ನೂ ನಂಬಬೇಡ, ತಂತಿ ಹಾಕಿ ನೋಡು. ಸೈಕಲ್ಲಿನ ಒಂದು ಕಡ್ಡಿಯನ್ನು ತುದಿ ಸಾಣೆ ಹಿಡಿದು, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ. ಬ್ಲಾಕು ಅಣ್ಣನೋ ತಮ್ಮನೋ ಎಂದು ಕಡ್ಡಿ ಹಾಕಿ ನೋಡುವುದು ದೊಡ್ಡವನ ಕೆಲಸ, ಗ್ಯಾಸ್ಕೆಟ್ ಆರಿಸುವುದು ಚಿಕ್ಕವನ ಕೆಲಸ. ಅಪ್ಪನೇ ಹಂಚಿದ್ದು. ಈ ಸಲ ದೊಡ್ಡ ಮೇಸ್ತ್ರಿ ಕಡ್ಡಿ ಹಾಕಿರಲಿಲ್ಲ. ಬ್ಲಾಕಿನ ಪಕ್ಕಕ್ಕೆ ಹೊಡೆದಿದ್ದ ತಗಡಿನ ಮೇಲಿನ ನಂಬರು ನೋಡಿ, ಹಳೇ ಕಾಲದ ನಂಬರು, ಅಣ್ಣನೇ, ಎಂದು ಮನಸ್ಸಿನಲ್ಲೇ ಅಂದುಕೊಂಡುಬಿಟ್ಟಿದ್ದ. ತಗಡಿನ ರಿವೆಟ್ಟುಗಳು ಹೊಳೆಯುತ್ತಿದ್ದವು. ಹಳೇ ತಗಡಿಗೆ ಹೊಸ ರಿವೆಟ್ಟು ಯಾಕೆ ಎಂದು ಯಾರಿಗಾದರೂ ಅನ್ನಿಸಬೇಕಿತ್ತು. ಯಾವನೋ ಪುಣ್ಯಾತ್ಮ ಒಡೆದ ಬ್ಲಾಕನ್ನು ಎಸೆದು, ಇನ್ನೊಂದು ತಂದು ಹಾಕಿ, ಹಳೇ ತಗಡನ್ನು ಕಿತ್ತು ಇದಕ್ಕೆ ಬಡಿದಿದ್ದ. ದೊಡ್ಡ ಮೇಸ್ತ್ರಿಗೆ ಅನ್ನಿಸಿತ್ತು ಕೂಡ. ಅನ್ನಿಸಿದ್ದು ನಿಜ. ಅನ್ನಿಸಿದ್ದನ್ನು ಕೈಯಿಂದ ನೊಣ ಓಡಿಸಿದ ಹಾಗೆ ಓಡಿಸಿದ್ದ.

ಇದೆಲ್ಲ ತಮ್ಮನಿಗೆ ಗೊತ್ತು. ಗೊತ್ತಿರಲೇಬೇಕು. ಹಾಗಿದ್ದೂ ಅವನು ಹೂಂ ಎಂದದ್ದನ್ನು ಮಾತ್ರ ಹಿಡಿದುಕೊಂಡಿದ್ದಾನೆ. ಕಡ್ಡಿಯ ಮಾತು ಎತ್ತುತ್ತಿಲ್ಲ. ಎತ್ತದೆ ಇರುವುದಕ್ಕೆ ಕಾರಣವೇನು? ಮರೆತಿದ್ದಾನೆಯೇ? ಇಲ್ಲ. ದಯೆಯೇ? ದಯೆ ಎಂಬ ಮಾತು ಮನಸ್ಸಿಗೆ ಬಂದ ಕೂಡಲೇ ದೊಡ್ಡ ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದ. ಅದು ಜಾರಿ ಕೆಳಗೆ ಬಿತ್ತು. ತಮ್ಮ ತಿರುಗಿ ನೋಡಲಿಲ್ಲ.

“ಏನ್ರೀ ಅದು? ಬೀದಿಗೆಲ್ಲ ಕೇಳ್ತಿದೆ.” ಹೆಂಡತಿ ಟೀ ತಂದಿದ್ದಳು. ಶೆಡ್ಡಿನ ಹಿಂಬಾಗಿಲು ಅಡುಗೆಮನೆಗೇ ತೆರೆಯುತ್ತಿತ್ತು. ಇಲ್ಲಿನ ಜಗಳ ಅಲ್ಲಿನ ಒಗ್ಗರಣೆಯೊಳಗೆ ಬೀಳದೆ ಹೋದ ದಿನವಿರಲಿಲ್ಲ. ಮೈದುನನ ಪಕ್ಕ ಒಂದು ಲೋಟ ಇಟ್ಟು, ಅವನ ತಲೆಯ ಮೇಲೆ ಬಿದ್ದಿದ್ದ ಹತ್ತಿಯ ಎಳೆಯನ್ನು ತೆಗೆದು, ಗಂಡನ ಹತ್ತಿರ ಬಂದಳು. “ಹೂಂ ಅಂದ್ರಂತಲ್ಲ.”

“ನಿಂಗ್ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಎದುರಿನ ಟೈರ್ ಅಂಗಡಿಯವನೂ ಕೇಳಿಸ್ಕೊಂಡ. ನಂಗೂ ಹಾಗೇ ಮಾಡ್ತೀರ. ಉಪ್ಪು ಜಾಸ್ತಿ ಆಯ್ತಾ ಅಂದ್ರೂ ಹೂಂ, ಕಮ್ಮಿ ಆಯ್ತಾ ಅಂದ್ರೂ ಹೂಂ. ಆಮೇಲೆ ತಟ್ಟೆ ತಳ್ಳೋದು.”

“ಉಪ್ಪಿಗೂ ಇಂಜಿನ್ನಿಗೂ ವ್ಯತ್ಯಾಸ ಇದೆ.”

“ಇದೆ ಇದೆ. ಇಂಜಿನ್ ಮಾತಾಡಲ್ಲ, ನಾನು ಮಾತಾಡ್ತೀನಿ.” ಅವಳು ಸೆರಗಿಗೆ ಕೈ ಒರೆಸಿಕೊಂಡು ದನಿ ತಗ್ಗಿಸಿದಳು. “ಡಾಕ್ಟ್ರು ಮಧ್ಯಾಹ್ನ ಬರ್ತಾರಂತೆ. ಅವರ ಮುಂದೆ ಹೀಗೆಲ್ಲ ಕಿರುಚ್ಬೇಡಿ. ಅವನ ಮುಖ ನೋಡಿ ಒಂದ್ಸಲ.”

“ಅವನ ಮುಖಕ್ಕೇನಾಗಿದೆ?”

ಅವಳು ಉತ್ತರ ಹೇಳದೆ ಒಳಗೆ ಹೋದಳು. ಈ ಮನೆಯಲ್ಲಿ ಯಾರಿಗೂ ಉತ್ತರ ಹೇಳುವ ಅಭ್ಯಾಸವಿಲ್ಲ. ಟೀ ಬಾಯಿಗೆ ಹೋಗುತ್ತಲೇ ಮುಂದಿನ ಹಲ್ಲಿಲ್ಲದ ಸಂದಿಯಲ್ಲಿ ಬಿಸಿ ತಾಗಿ ಚುರ್ ಎಂದಿತು. ಈ ಹಲ್ಲು ಹೋದದ್ದು ಅಪ್ಪನ ಕಾಲದಲ್ಲಿ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಇಂಜಿನ್ನೊಂದು ಹಿಂದಕ್ಕೆ ಒದ್ದು, ಹ್ಯಾಂಡಲ್ಲು ಬಾಯಿಗೆ ಬಡಿದಿತ್ತು. ಆಗ ತಮ್ಮ ಚಡ್ಡಿಯಲ್ಲಿದ್ದ. ರಕ್ತ ನೋಡಿ ಅಣ್ಣನಿಗಿಂತ ಜೋರಾಗಿ ಅತ್ತಿದ್ದ. ಆಮೇಲೆ ಮಣ್ಣಿನಲ್ಲಿ ಹುಡುಕಿ ಹುಡುಕಿ ಹಲ್ಲನ್ನು ತಂದು, ತೊಳೆದು, ಅಣ್ಣಾ ತಗೋ, ಎಂದು ಅಂಗೈಯಲ್ಲಿ ಹಿಡಿದು ನಿಂತಿದ್ದ. ಬಿಚ್ಚಿದ ಸಾಮಾನೆಲ್ಲ ತಿರುಗಿ ಹಾಕಬಹುದು ಎಂದು ತಿಳಿದಿದ್ದ. ಈ ಸಂದಿಯಿಂದ ದೊಡ್ಡ ಮೇಸ್ತ್ರಿಗೆ ಇಷ್ಟು ವರ್ಷ ಒಂದು ತೊಂದರೆಯೂ ಇರಲಿಲ್ಲ. ಲಾರಿಯವರ ಮುಂದೆ, ಟ್ಯಾಕ್ಸಿಯವರ ಮುಂದೆ ಬಾಯಿ ತುಂಬ ಬೈದಿದ್ದಾನೆ, ಬಾಯಿ ತುಂಬ ನಕ್ಕಿದ್ದಾನೆ. ಹಲ್ಲಿನ ಡಾಕ್ಟರು ಈ ಕಾರು ತಂದ ದಿನದಿಂದ ಅದು ಬಾಯಲ್ಲಿ ಬಾಗಿಲಿನ ಹಾಗೆ ದೊಡ್ಡದಾಗಿತ್ತು. ಅವರು ಯಾರ ಹತ್ತಿರ ಮಾತಾಡಿದರೂ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಸ್ವಲ್ಪ ಕೆಳಗೆ ನೋಡುತ್ತಾರೆ. ಮೊದಲ ದಿನವೇ, ಟೈರ್ ಅಂಗಡಿಯವನೂ ನಿಂತಿದ್ದಾಗ, “ಮೇಸ್ತ್ರಿಗಳೇ, ಒಂದು ದಿನ ಬನ್ನಿ, ಆ ಗ್ಯಾಪ್ ಮುಚ್ಚಿ ಕಳಿಸ್ತೀನಿ,” ಎಂದಿದ್ದರು. ಒಳ್ಳೆಯದಕ್ಕೇ ಹೇಳಿದ್ದು. ಟೈರ್ ಅಂಗಡಿಯವನು, “ಮುಚ್ಬೇಡಿ ಡಾಕ್ಟ್ರೇ, ಸೈಲೆನ್ಸರ್ ಅದೊಂದೇ ಇರೋದು,” ಎಂದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅಂದಿನಿಂದ ಡಾಕ್ಟರು ಬಂದಾಗಲೆಲ್ಲ ದೊಡ್ಡ ಮೇಸ್ತ್ರಿ ಮಾತು ಕಡಿಮೆ ಮಾಡಿದ. ಕೇಳಿದ್ದಕ್ಕೆಲ್ಲ ತುಟಿ ಬಿಚ್ಚದೆ ಮೂಗಿನಲ್ಲೇ ಹೂಂ ಎನ್ನುತ್ತಿದ್ದ. ಬಾಯಿ ತೆರೆಯಲೇಬೇಕಾದರೆ ಮೀಸೆ ಒರೆಸಿಕೊಳ್ಳುವವನಂತೆ ಕೈ ಅಡ್ಡ ಹಿಡಿಯುತ್ತಿದ್ದ. ಡಾಕ್ಟರಿಗೆ ಬೇಜಾರಾಗಿ, ಅವರು ಬರಬರುತ್ತ ಚಿಕ್ಕವನ ಕಡೆ ತಿರುಗಿದರು. “ಚಿಕ್ಕ ಮೇಸ್ತ್ರೀ, ನೀವೇ ಹೇಳಿ, ಇದು ಯಾಕೆ ಹೀಗೆ?” ಚಿಕ್ಕವನು ಹೇಳುತ್ತಿದ್ದ. ನಿಧಾನವಾಗಿ, ಚೆನ್ನಾಗಿ ಹೇಳುತ್ತಿದ್ದ. ಇಷ್ಟು ಮಾತು ಇವನೊಳಗೆ ಎಲ್ಲಿ ಅಡಗಿತ್ತು ಎಂದು ದೊಡ್ಡವನು ಬೋಲ್ಟು ತಿರುಗಿಸುತ್ತ ಕೇಳಿಸಿಕೊಳ್ಳುತ್ತಿದ್ದ.

ಗ್ಯಾಸ್ಕೆಟ್ ಇಟ್ಟ ಸಂಜೆಯೂ ಡಾಕ್ಟರು ಬಂದಿದ್ದರು. ಬಾಗಿಲ ಪಕ್ಕ ನಿಂತಿದ್ದರು, ಬೆನ್ನು ಗೋಡೆಗೆ ಕೊಟ್ಟು. ಅವರ ಹೆಗಲ ಹಿಂದೆಯೇ ಮೊಳೆ, ಮೊಳೆಯಲ್ಲಿ ಕಡ್ಡಿ. ಸ್ವಲ್ಪ ಸರೀರಿ ಡಾಕ್ಟ್ರೇ ಎಂದರೆ ಮುಗಿದಿತ್ತು. ಅಷ್ಟಕ್ಕೆ ಬಾಯಿ ತೆರೆಯಬೇಕಿತ್ತು. ಅದೂ ಅಷ್ಟು ಹತ್ತಿರದಲ್ಲಿ, ದೀಪದ ಕೆಳಗೆ. ದೊಡ್ಡ ಮೇಸ್ತ್ರಿ ಒಂದು ಸಲ ಕಡ್ಡಿಯ ಕಡೆ ನೋಡಿದ, ಒಂದು ಸಲ ಹೊಸ ರಿವೆಟ್ಟಿನ ಕಡೆ ನೋಡಿದ, ಆಮೇಲೆ ಬೆನ್ನು ತಿರುಗಿಸಿ ಕಾರ್ಬುರೇಟರಿನ ಸ್ಕ್ರೂ ಹುಡುಕತೊಡಗಿದ. ಹುಡುಕುವಂಥದ್ದೇನೂ ಇರಲಿಲ್ಲ. ಹಿಂದೆ ಡಾಕ್ಟರು ಏನೋ ಹೇಳಿ ನಗುತ್ತಿದ್ದರು, ತಮ್ಮ ನಗುತ್ತಿದ್ದ. ಆಮೇಲೆ ನಗು ನಿಂತಿತು. ತಮ್ಮನ ದನಿ ಬಂತು.

“ಅಣ್ಣಾ?”

ಇವನು ತುಟಿ ಬಿಚ್ಚದೆ, ತಿರುಗದೆ, “ಹೂಂ,” ಎಂದ.

ಇಷ್ಟೇ. ತಮ್ಮ ಹೇಳಿದ್ದು ಸರಿ, ಇಷ್ಟೇ ಆದದ್ದು. ಕರೆದರೆ ಏನು ಎನ್ನುವ ಹೂಂ ಅದು. ಗ್ಯಾಸ್ಕೆಟ್ಟಿಗೆ ಹಾಕಿದ ಮುದ್ರೆಯಲ್ಲ. ದಿನಕ್ಕೆ ಎಷ್ಟು ಸಲ ಕರೆಯುತ್ತಾನೆ, ಅಣ್ಣಾ ಟೀ ಬಂತು, ಅಣ್ಣಾ ಫೋನು, ಅಣ್ಣಾ ಆ ಕಡೆ ಎತ್ತು, ಎಲ್ಲದಕ್ಕೂ ಇದೇ ಹೂಂ. ಅಪ್ಪ ಸಾಮಾನಿಗೆ ಬೇರೆ ಏನಾದರೂ ಹೆಸರಿಟ್ಟಿದ್ದರೆ ಈ ಗಂಟೇ ಬೀಳುತ್ತಿರಲಿಲ್ಲ. ಎತ್ತು ಎಮ್ಮೆ ಎಂದಿಡಬಹುದಿತ್ತು. ಹಾಗೆಂದು ಈಗ ಎದ್ದು ಹೋಗಿ ತಮ್ಮನಿಗೆ ಹೇಳಿದರೆ? ಲೋ, ನೀನು ಕರೆದೆ ಅಂದ್ಕೊಂಡೆ ಕಣೋ. ಇಬ್ಬರೂ ನಗಬಹುದು. ಅಪ್ಪನನ್ನು ಸ್ವಲ್ಪ ಬೈಯಬಹುದು. ದೊಡ್ಡ ಮೇಸ್ತ್ರಿ ಎದ್ದೇಬಿಟ್ಟ. ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಆ ದನಿ ಮತ್ತೆ ಕಿವಿಯಲ್ಲಿ ಕೇಳಿಸಿತು, ಈ ಸಲ ಡಾಕ್ಟರ ನಗುವಿಲ್ಲದೆ, ಸ್ಕ್ರೂಗಳ ಸದ್ದಿಲ್ಲದೆ, ತೊಳೆದಿಟ್ಟ ಹಾಗೆ. ಕರೆಯುವಾಗ ತಮ್ಮನ ಅಣ್ಣಾ ಕೊನೆಯಲ್ಲಿ ಕೆಳಗಿಳಿಯುತ್ತದೆ, ಬಕೆಟ್ಟು ಬಾವಿಗೆ ಬಿಟ್ಟ ಹಾಗೆ. ಸಾಮಾನು ಹಿಡಿದು ಕೇಳುವಾಗ ಕೊನೆ ಮೇಲಕ್ಕೇಳುತ್ತದೆ. ಆ ಸಂಜೆ ಅದು ಎದ್ದಿತ್ತು. ಎದ್ದು, ಕಾದು ನಿಂತಿತ್ತು. ಕಿವಿಗೆ ಅದು ತಿಳಿದಿತ್ತು. ಹೊಟ್ಟೆಗೆ ತಿಳಿದಿತ್ತು. ತಿಳಿದೂ ತಿರುಗಲಿಲ್ಲ; ನಗ್ತಾ ಇದ್ಯಲ್ಲ, ನಗು, ಹಾಕ್ಕೋ ಏನು ಬೇಕೋ, ಎನ್ನುವಂಥ ಒಂದು ಹೂಂ ಮೂಗಿನಿಂದ ಹೊರಗೆ ಹೋಗಿತ್ತು. ಹೌದೇ? ಅಥವಾ ಈಗ ಕೂತು ತಾನೇ ಹೊಸೆಯುತ್ತಿದ್ದಾನೆಯೇ? ಕಡ್ಡಿ ಹಾಕಿ ನೋಡುವಂತಿದ್ದರೆ ನೋಡಬಹುದಿತ್ತು.

ಇಟ್ಟ ಹೆಜ್ಜೆ ವಾಪಸ್ಸು ತೆಗೆದುಕೊಳ್ಳುವುದು ಕಷ್ಟ. ಅದಕ್ಕೆ ಅವನು ತಮ್ಮನ ಹತ್ತಿರಕ್ಕೇ ಹೋಗಿ ನಿಂತು, “ಟೀ ಆರಿ ಹೋಯ್ತು,” ಎಂದ.

“ಕುಡೀತೀನಿ.”

“ಅದನ್ನ್ಯಾಕೆ ತೊಳೀತಿದ್ಯ? ಗುಜರಿಗೆ ಹೋಗೋ ಸಾಮಾನು.”

“ಲೇತ್‌ನವನಿಗೆ ಕೊಟ್ರೆ ಅಳತೆಗೆ ಬೇಕಾಗತ್ತೆ. ಹೊಸದು ತಿರುಗಿಸಿ ಕೊಡ್ತಾನೆ.”

ಅದು ಸರಿಯಾದ ಮಾತು. ತನಗೆ ಹೊಳೆಯಬೇಕಾಗಿದ್ದ ಮಾತು. ದೊಡ್ಡ ಮೇಸ್ತ್ರಿ, ತಮ್ಮನ ಬಾಗಿದ ಕುತ್ತಿಗೆಯನ್ನು ನೋಡುತ್ತ ನಿಂತ. ಹೇಳುವುದಾದರೆ ಈಗಲೇ ಹೇಳಬೇಕಿತ್ತು. “ಹೂಂ,” ಎಂದು ಬಂದುಬಿಟ್ಟ.

ಡಾಕ್ಟರು ಊಟದ ಹೊತ್ತು ಕಳೆದ ಮೇಲೆ ಬಂದರು. ತೆಳ್ಳಗಿನ, ಮೆತ್ತಗಿನ ಮನುಷ್ಯ, ಎಲ್ಲರಿಗೂ ಬಹುವಚನ. ಕಾರು ಅವರ ಮಾವನದು, ಮಾವ ಸಾಯುವಾಗ, ನೋಡ್ಕೋ, ಎಂದು ಕೈಗೆ ಕೀಲಿ ಕೊಟ್ಟಿದ್ದರಂತೆ. ಹೆಡ್ಡಿಲ್ಲದ ಇಂಜಿನ್ನಿನ ಮೇಲೆ ಬಗ್ಗಿ, ಅಂಗಿಯ ಜೇಬಿನಿಂದ ಸಣ್ಣ ಟಾರ್ಚ್ ತೆಗೆದು, ಒಂದೊಂದೇ ತೂತಿನೊಳಗೆ ಬೆಳಕು ಬಿಟ್ಟು ನೋಡಿದರು. ದೊಡ್ಡ ಮೇಸ್ತ್ರಿಯ ನಾಲಿಗೆ ತಾನಾಗಿ ಹಲ್ಲಿನ ಸಂದಿಗೆ ಹೋಗಿ ಕೂತಿತು.

“ಮತ್ತೆ ಬಾಯಿ ತೆಗೆಸಿದ್ದೀರಲ್ಲ ಮೇಸ್ತ್ರಿಗಳೇ. ಏನಾಗಿತ್ತು?”

ಅವರು ತಲೆ ಎತ್ತಿದರು. ಕಣ್ಣಿಗಿಂತ ಸ್ವಲ್ಪ ಕೆಳಗೆ ನೋಡಿದರು. ದೊಡ್ಡ ಮೇಸ್ತ್ರಿಯ ಕೈ ಮೀಸೆಗೆ ಹೋಯಿತು. ಗ್ಯಾಸ್ಕೆಟ್ ಅದಲುಬದಲಾಗಿದೆ ಎಂದರೆ ಸಾಕಾಗಿತ್ತು. ಆಗಿದೆ ಎಂದರೆ ಯಾರ ಮೇಲೂ ಬೀಳುವುದಿಲ್ಲ, ಭಾಷೆಯಲ್ಲಿ ಅಂಥ ಜಾಗಗಳಿವೆ. ಸೀಮೆಎಣ್ಣೆ ತಟ್ಟೆಯ ಹತ್ತಿರ ಬ್ರಷ್ಷಿನ ಸದ್ದು ನಿಂತಿತ್ತು.

“ಹುಡುಗನ ಕೈತಪ್ಪು ಡಾಕ್ಟ್ರೇ,” ಎಂದ, ಬೆರಳ ಸಂದಿಯಿಂದ.

“ಹುಡುಗ?” ಡಾಕ್ಟರು ಶೆಡ್ಡಿನ ಸುತ್ತ ನೋಡಿದರು. ನಿಜವಾಗಿಯೂ ಹುಡುಕಿದರು. ಬೆಂಚು, ಗುಂಡಿ, ಗೋಡೆಗೆ ಒರಗಿಸಿದ ಬಾಗಿಲುಗಳು. “ಯಾವ ಹುಡುಗ? ನಿಮ್ಮಲ್ಲಿ ಹುಡುಗರು ಯಾರೂ ಇರಲಿಲ್ಲವಲ್ಲ?”

“ನಮ್ಮ... ಚಿಕ್ಕೋನು.”

ಡಾಕ್ಟರು ಮೂಲೆಯ ಕಡೆ ತಿರುಗಿದರು. ತಮ್ಮ ಎದ್ದು ನಿಂತಿದ್ದ. ಮೊಣಕೈಯಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು. ಕಿವಿಯ ಪಕ್ಕದ ಬಿಳಿ ಕೂದಲಿಗೆ ಬಿಸಿಲು ಬಿದ್ದಿತ್ತು. “ನೀವಾ?” ಎಂದರು ಡಾಕ್ಟರು, ನಂಬಲಾರದವರ ಹಾಗೆ, ಅಲ್ಲ ಎನ್ನಲಿ ಎಂದು ಕಾಯುವವರ ಹಾಗೆ.

ತಮ್ಮ ಅಣ್ಣನ ಮುಖ ನೋಡಿದ. ಈಗ ಬರುತ್ತದೆ, ಎಂದುಕೊಂಡ ದೊಡ್ಡ ಮೇಸ್ತ್ರಿ. ಈಗ ಕಡ್ಡಿಯ ಮಾತು ಬರುತ್ತದೆ. ಬರಲಿ. ಬಂದರೆ ಬದುಕಿದೆ. ಬಂದರೆ ಕೂಗಾಡಬಹುದು, ಸ್ಪ್ಯಾನರ್ ಎಸೆಯಬಹುದು, ರಾತ್ರಿ ಊಟದ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ, ಯಾವಾಗಲೂ ಆದ ಹಾಗೆ. ಅವನ ಕಣ್ಣು ತಾನಾಗಿಯೇ ಬಾಗಿಲ ಪಕ್ಕದ ಮೊಳೆಗೆ ಹೋಯಿತು. ಹೋಗಬಾರದಿತ್ತು, ಹೋಯಿತು. ತಮ್ಮನ ಕಣ್ಣು ಅದರ ಹಿಂದೆಯೇ ಹೋಗಿ, ಕಡ್ಡಿಯನ್ನು ನೋಡಿ, ತಿರುಗಿ ಬಂತು.

“ಹೂಂ,” ಎಂದ ತಮ್ಮ.

ಡಾಕ್ಟರು ಒಳ್ಳೆಯವರು. ಪರವಾಗಿಲ್ಲ, ಎಲ್ಲರ ಕೈಯಲ್ಲೂ ಆಗುತ್ತದೆ, ನಾನೂ ಒಂದು ಸಲ ಪಕ್ಕದ ಹಲ್ಲು ಕಿತ್ತಿದ್ದೆ, ಎಂದು ತಾವೇ ನಕ್ಕರು. ಶಾಫ್ಟು ಹೊಸದು ಮಾಡಿಸುವ ಮಾತಾಯಿತು. ಅದನ್ನೆಲ್ಲ ಅವರು ದೊಡ್ಡ ಮೇಸ್ತ್ರಿಯ ಹತ್ತಿರವೇ ಮಾತಾಡಿದರು. ಚಿಕ್ಕ ಮೇಸ್ತ್ರೀ ನೀವೇ ಹೇಳಿ ಎನ್ನಲಿಲ್ಲ. ಇಷ್ಟು ದಿನ ಬೇಕು ಬೇಕು ಎಂದುಕೊಂಡಿದ್ದ ಜಾಗ ಅದು. ಬಂದು ಕೂತ ಮೇಲೆ ಕೆಳಗೆ ಮುಳ್ಳು. ಅವರನ್ನು ಬೀದಿಯವರೆಗೆ ಬಿಟ್ಟು ತಿರುಗಿದರೆ ತಮ್ಮ ನಲ್ಲಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದ. ಸಾಬೂನು ಹಾಕಿ ಒಂದು ಸಲ, ಮರದ ಪುಡಿ ಹಾಕಿ ಉಜ್ಜಿ ಇನ್ನೊಂದು ಸಲ, ಉಗುರಿನ ಸಂದಿಯ ಕಪ್ಪನ್ನು ಬೆಂಕಿಕಡ್ಡಿಯಿಂದ ಕೆರೆದು ತೆಗೆದು ಮತ್ತೆ. ಕೆಲಸದ ಮಧ್ಯೆ ಯಾರೂ ಹಾಗೆ ತೊಳೆಯುವುದಿಲ್ಲ. ಒಳಗೆ ಹೋದ. “ಬರ್ತೀನಿ ಅತ್ತಿಗೆ,” ಎಂದದ್ದು ಕೇಳಿಸಿತು. “ಈಗ್ಲಾ? ಎಲ್ಲಿಗಪ್ಪಾ? ಊಟಾನೂ ಸರಿಯಾಗಿ ಮಾಡಿಲ್ಲ,” ಎಂದು ಅವಳು ಕೇಳಿದ್ದೂ ಕೇಳಿಸಿತು. ಹೊರಗೆ ಬಂದಾಗ ಒಗೆದ ಅಂಗಿ ಹಾಕಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ನೋಡಿ ದೊಡ್ಡ ಮೇಸ್ತ್ರಿಗೆ ಸಮಾಧಾನವಾಯಿತು.

“ಎಲ್ಲಿಗೆ?”

“ಇಲ್ಲೇ.”

“ಲೇತ್‌ನವನ ಹತ್ರಾನಾ?”

ತಮ್ಮ ಒಂದು ಕ್ಷಣ ನಿಂತ. ಬಾಗಿಲ ಹತ್ತಿರ, ಡಾಕ್ಟರು ಅವತ್ತು ನಿಂತಿದ್ದ ಜಾಗದಲ್ಲಿ, ಒಳಕ್ಕೆ ಬೆನ್ನು ಮಾಡಿ. “ಶಾಫ್ಟು ಒರೆಸಿ ಬೆಂಚಿನ ಮೇಲೆ ಇಟ್ಟಿದ್ದೀನಿ, ಮೇಸ್ತ್ರಿ,” ಎಂದ.

ಮೇಸ್ತ್ರಿ ಎಂದನೇ? ಗಿರಾಕಿಗಳು ಕರೆಯುವ ಹೆಸರು. ತಮಾಷೆಗೆ ಅಂದಿರಬೇಕು. ದೊಡ್ಡ ಮೇಸ್ತ್ರಿ ತಮಾಷೆಗೆ ತಕ್ಕ ಮಾತು ಹುಡುಕುವಷ್ಟರಲ್ಲಿ ತಮ್ಮ ಅಂಗಳ ದಾಟಿದ್ದ. ಗೇಟಿನ ಮೇಲಿನ ಬೋರ್ಡಿನ ಕೆಳಗೆ ತಲೆ ಸ್ವಲ್ಪ ಬಗ್ಗಿಸಿ ಹೊರಗೆ ಹೋದ. ಮೇಸ್ತ್ರಿ ಮತ್ತು ಮಗ, ಎಂದಿತ್ತು ಬೋರ್ಡು. ಅಪ್ಪ ಬರೆಸಿದ್ದು, ಚಿಕ್ಕವನು ಹುಟ್ಟುವ ಮುಂಚೆ. ಮಗ ಅನ್ನುವುದನ್ನು ಮಕ್ಕಳು ಎಂದು ಮಾಡಿಸಬೇಕು, ಪೇಂಟರನ್ನು ಕರೆಸುತ್ತೇನೆ ಎಂದು ದೊಡ್ಡವನು ಹೇಳುತ್ತಲೇ ಬಂದಿದ್ದ. ಚಿಕ್ಕವನು ಅದನ್ನೂ ಒಂದು ಸಲವೂ ಕೇಳಿದವನಲ್ಲ. “ಬೇಗ ಬಾರೋ, ಹೆಡ್ ಕೂರಿಸ್ಬೇಕು!” ಎಂದು ದೊಡ್ಡ ಮೇಸ್ತ್ರಿ ಕೂಗಿದ. ಹೂಂ ಬರಲಿಲ್ಲ. ಎದುರಿನ ಟೈರ್ ಅಂಗಡಿಯವನು ಮಾತ್ರ ಟ್ಯೂಬಿನಿಂದ ತಲೆ ಎತ್ತಿ, ಬೀದಿಯ ಆ ಕಡೆ ನೋಡಿ, ಈ ಕಡೆ ನೋಡಿ, ಯಾವತ್ತೂ ತಮಾಷೆ ಬಿಡದವನು ಇವತ್ತು ತಲೆ ತಗ್ಗಿಸಿ ಟ್ಯೂಬಿಗೇ ತಿರುಗಿದ.

ದೊಡ್ಡ ಮೇಸ್ತ್ರಿ ಕೆಲಸ ಹಿಡಿದ. ಬ್ಲಾಕಿನ ನೆತ್ತಿಯನ್ನು ಕೆರೆದು, ಒರೆಸಿ, ಹೊಳೆಯುವ ಹಾಗೆ ಮಾಡಿದ. ಬೀದಿಯಲ್ಲಿ ಯಾವ ಚಪ್ಪಲಿಯ ಸದ್ದಾದರೂ ಕೈ ನಿಧಾನವಾಗುತ್ತಿತ್ತು. ಬಿಸಿಲು ಬಾಗಿಲಿಂದ ಒಳಗೆ ಚಾಚಿ, ಕಾರಿನ ಮೂತಿಯ ತನಕ ಬಂದು, ಹಿಂದೆ ಸರಿಯತೊಡಗಿತು. ತಮ್ಮ ತೊಳೆದ ಶಾಫ್ಟು ಬೆಂಚಿನ ಮೇಲೆ ಬಿಳಿ ಬಟ್ಟೆಯ ಮೇಲೆ ಮಲಗಿತ್ತು, ಅದರ ಪಕ್ಕ ಅವನ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ. ಯಾವತ್ತೂ ಹೀಗೆ ಜೋಡಿಸುವವನಲ್ಲ. ಅವನ ಸ್ಪ್ಯಾನರು ಬೇಕಾದರೆ ಅವನನ್ನೇ ಕೇಳಬೇಕಿತ್ತು. ಲೇತ್‌ನವನ ಹತ್ತಿರ ಹೋಗುವವನು ಶಾಫ್ಟು ಬಿಟ್ಟು ಹೋಗುತ್ತಾನೆಯೇ? ಮರೆತಿರಬೇಕು. ಅರ್ಧ ದಾರಿಯಿಂದ ತಿರುಗಿ ಬರುತ್ತಾನೆ. ಬರಲಿ, ಬಂದಾಗ ಹೇಳುತ್ತೇನೆ, ಮೊದಲು ಇದೊಂದು ನೋಡಿಬಿಡುತ್ತೇನೆ, ಎಂದುಕೊಂಡು ಅವನು ಬಾಗಿಲ ಪಕ್ಕದ ಮೊಳೆಗೆ ಕೈ ಹಾಕಿದ.

ಕಡ್ಡಿಯ ಜೊತೆ ಇನ್ನೇನೋ ಕೈಗೆ ಬಂತು. ಶೆಡ್ಡಿನ ಬೀಗದ ಕೈ. ಎರಡಿದ್ದವು, ಒಂದು ತನ್ನ ಉಡಿದಾರದಲ್ಲಿತ್ತು. ಇನ್ನೊಂದು ಇದು, ತಮ್ಮನ ಜೇಬಿನಲ್ಲಿರುತ್ತಿದ್ದದ್ದು. ಬೇರೆ ಯಾವ ಮೊಳೆಗಾದರೂ ಹಾಕಬಹುದಿತ್ತು, ಗೋಡೆಯ ತುಂಬ ಮೊಳೆಗಳಿದ್ದವು. ದೊಡ್ಡ ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು, ಏನೋ ಸಾಮಾನು ಯಾವುದಕ್ಕೆ ಸೇರಿದ್ದೆಂದು ತಿಳಿಯದವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಮತ್ತೆ ಅದೇ ಮೊಳೆಗೆ ಹಾಕಿದ.

ಮುಂದಿನ ತೂತಿಗೆ ಕಡ್ಡಿ ಬಿಟ್ಟ. ಬೆರಳಿನುದ್ದ ಹೋಗಿ ಟಕ್ ಎಂದು ನಿಂತಿತು. ತಿರುಗಿಸಿ ಒತ್ತಿದ, ನಿಂತಲ್ಲೇ ನಿಂತಿತ್ತು. ಹಿಂದಿನದಕ್ಕೆ ಬಿಟ್ಟ. ಕಡ್ಡಿ ಇಳಿಯಿತು, ಇಳಿಯುತ್ತಲೇ ಹೋಯಿತು, ಹಿಡಿದ ಬೆರಳು ಬ್ಲಾಕಿಗೆ ತಾಗುವ ತನಕ. ಹೊರಗೆಳೆದಾಗ ತುದಿಗೆ ಎಣ್ಣೆಯಿತ್ತು. ಎಷ್ಟು ಸುಲಭ. ಸರೀರಿ ಡಾಕ್ಟ್ರೇ ಎನ್ನುವುದಕ್ಕಿಂತ ಸುಲಭ. ಗೋಡೆಯ ಮೇಲೆ, ಆಯ್ಕೆಯಾಗದೆ ಉಳಿದ ಗ್ಯಾಸ್ಕೆಟ್ಟುಗಳು ತೂಗುತ್ತಿದ್ದವು, ಅಪ್ಪನ ಕಾಲದಿಂದ ಬಂದವು. ಸೆಟ್ಟಿನಲ್ಲಿ ಎರಡೂ ಬರುತ್ತವೆ, ಒಂದು ಇಂಜಿನ್ನಿಗೆ, ಒಂದು ಮೊಳೆಗೆ. ಎಲ್ಲಕ್ಕಿಂತ ಮುಂದಿದ್ದ ಹೊಸದನ್ನು ತೆಗೆದ. ಊದಿ ಧೂಳು ಹಾರಿಸಿದ. ಬಾಗಿಲ ಬೆಳಕಿಗೆ ಹಿಡಿದ. ಹಿಂದಿನ ತುದಿಯಲ್ಲಿ ಬಟಾಣಿಯಷ್ಟು ಆಕಾಶ ಕಾಣಿಸಿತು.

ಇಂಜಿನ್ನಿನ ಮೇಲೆ ಎತ್ತಿ ಹಿಡಿದ, ಎರಡೂ ಕೈಯಲ್ಲಿ, ಅಪ್ಪ ಕಲಿಸಿದ ಹಾಗೆ. ಹೆಸರು ಹೇಳಬೇಕು, ಆಮೇಲೆ ಇಡಬೇಕು.

“ತಮ್ಮಾ?” ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಗಡಿನ ಮಾಡು ಆರುತ್ತ ಟಣ್ ಎಂದಿತು. ಅವನು ಗೇಟಿನ ಕಡೆ ತಿರುಗಿ, ಸಂದಿ ಕಂಡರೆ ಕಾಣಲಿ ಎಂಬಂತೆ ಬಾಯಿ ಪೂರ್ತಿ ತೆರೆದು, ಬೀದಿಗೆಲ್ಲ ಕೇಳುವ ಹಾಗೆ ಮತ್ತೊಂದು ಸಲ ಕೂಗಿದ. ಗ್ಯಾಸ್ಕೆಟ್ಟನ್ನು ಕೆಳಗಿಡಲಿಲ್ಲ, ಇಂಜಿನ್ನಿನ ಮೇಲೂ ಇಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದ.